ಸೆಮಿನಾರಿಗೆ ಬೇಕಾದದ್ದು ಮುಗಿಯದ ಪ್ರಬಂಧ

ನಮ್ಮ ವಿಭಾಗದಲ್ಲಿ ಪ್ರತಿ ವಾರ ನಡೆಯುವ ಸಂಶೋಧನಾ ಸೆಮಿನಾರಿನ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ಅದರ ಜೊತೆಗೆ ಬೇರೆಯವರು ಏರ್ಪಡಿಸುವ ಸೆಮಿನಾರುಗಳಿಗೆ ಕೇಳುಗನಾಗಿ ಹೋಗುವುದನ್ನೂ ನಾನು ಬಿಟ್ಟಿಲ್ಲ. ಎರಡೂ ಕಡೆ ಕುಳಿತು ನೋಡಿದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಇದು: ಬರೆದು ಮುಗಿಸಿ, ಪ್ರಕಟವೂ ಆಗಿಹೋದ ಪ್ರಬಂಧವನ್ನು ಸಭೆಯ ಮುಂದೆ ಓದಿದಾಗ ಕೇಳುಗರು ಕಲಿಯುವುದು ತೀರಾ ಕಡಿಮೆ, ಇನ್ನೂ ಎಲ್ಲೋ ಒಂದು ಕಡೆ ಗಂಟು ಬಿಚ್ಚದೆ ಉಳಿದಿರುವ ಪ್ರಬಂಧವನ್ನು ಮುಂದಿಟ್ಟಾಗ ಮಂಡಿಸಿದವರೂ ಕೇಳಿದವರೂ ಏನನ್ನಾದರೂ ಪಡೆದುಕೊಂಡೇ ಎದ್ದುಹೋಗುತ್ತಾರೆ. ನಾನು ಸೆಮಿನಾರನ್ನು ನಡೆಸುವ ರೀತಿಯೂ, ಕೇಳುಗನಾಗಿ ಸಿದ್ಧವಾಗುವ ರೀತಿಯೂ ಈ ಒಂದು ತಿಳಿವಳಿಕೆಯಿಂದಲೇ ರೂಪುಗೊಂಡಿವೆ.

ಇದು ನನ್ನ ಹೊಸ ಕಲ್ಪನೆಯೇನಲ್ಲ. 1730ರ ದಶಕದ ಕೊನೆಯಲ್ಲಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳ ಅಧ್ಯಯನಕ್ಕೆಂದು ಸೆಮಿನಾರ್ ಆರಂಭವಾಯಿತು. 19ನೇ ಶತಮಾನದಲ್ಲಿ ಇತಿಹಾಸಕಾರ ಲಿಯೊಪೋಲ್ಡ್ ಫಾನ್ ರಾಂಕೆ ಬರ್ಲಿನ್ನಿನಲ್ಲಿ ವಿದ್ಯಾರ್ಥಿಗಳ ಸಣ್ಣ ಗುಂಪನ್ನು ಕೂರಿಸಿಕೊಂಡು ಮೂಲ ದಾಖಲೆಗಳನ್ನು ಒರೆಗೆ ಹಚ್ಚುವುದನ್ನು ಕಲಿಸಿದರು. 1834ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಗಣಿತಜ್ಞ ಯಾಕೋಬಿ ಮತ್ತು ಭೌತವಿಜ್ಞಾನಿ ಫ್ರಾಂಟ್ಸ್ ನಾಯ್ಮನ್ ಗಣಿತ ಮತ್ತು ಭೌತವಿಜ್ಞಾನಕ್ಕೂ ಇದೇ ಪದ್ಧತಿಯನ್ನು ತಂದರು. ಉಪನ್ಯಾಸದಲ್ಲಿ ಗುರುಗಳು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದ ವಿದ್ಯಾರ್ಥಿ ಇಲ್ಲಿ ತಾನೇ ಕೆಲಸ ಮಾಡಿ ತರಬೇಕಿತ್ತು, ಉಳಿದವರು ಅದನ್ನು ಪರೀಕ್ಷಿಸಬೇಕಿತ್ತು. ಈಗಿನ ಅನೇಕ ಸೆಮಿನಾರುಗಳಲ್ಲಿ ಈ ಪರೀಕ್ಷೆಯ ಭಾಗವೇ ಕೊನೆಯ ಹತ್ತು ನಿಮಿಷಕ್ಕೆ ಕುಗ್ಗಿ, ವೇಳೆ ಮೀರಿತೆಂಬ ಕಾರಣಕ್ಕೆ ಅದೂ ಕೈಬಿಟ್ಟುಹೋಗುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಆದ್ದರಿಂದ ಆಹ್ವಾನ ಪತ್ರದಿಂದಲೇ ನನ್ನ ಕೆಲಸ ಆರಂಭವಾಗುತ್ತದೆ. ಪ್ರಬಂಧವನ್ನು ಒಂದು ವಾರ ಮೊದಲೇ ಕಳುಹಿಸಿಕೊಡಬೇಕೆಂದೂ, ಅದರ ಜೊತೆಗೆ ಒಂದು ಪುಟದ ಮುನ್ನುಡಿ ಇರಬೇಕೆಂದೂ ಪ್ರಬಂಧಕಾರರನ್ನು ಕೇಳಿಕೊಳ್ಳುತ್ತೇನೆ. ಆ ಪುಟದ ಮೊದಲ ಪ್ಯಾರಾದಲ್ಲಿ ತಾವು ಏನನ್ನು ಪ್ರತಿಪಾದಿಸುತ್ತಿದ್ದೀರಿ, ಎರಡನೆಯದರಲ್ಲಿ ಯಾವ ಆಧಾರದ ಮೇಲೆ, ಮೂರನೆಯದರಲ್ಲಿ ತಮಗೇ ಎಲ್ಲಿ ಅನುಮಾನ ಉಳಿದಿದೆ ಎಂಬುದನ್ನು ಬರೆಯಬೇಕು. ಮೊದಲೆರಡನ್ನು ಎಲ್ಲರೂ ಸಲೀಸಾಗಿ ಬರೆಯುತ್ತಾರೆ. ಮೂರನೆಯದು ಬರುವುದು ತಡ. ಎಷ್ಟೋ ಸಲ ಅದರ ಬದಲಿಗೆ ‘ಈ ವಿಷಯದಲ್ಲಿ ಹೆಚ್ಚಿನ ಸಂಶೋಧನೆ ಅಗತ್ಯ’ ಎಂಬಂತಹ, ಯಾರಿಗೂ ಉಪಯೋಗಕ್ಕೆ ಬಾರದ ವಾಕ್ಯ ಬರುತ್ತದೆ. ಆಗ ನಾನು ಫೋನ್ ಮಾಡಿ, ಪುಟ ಸಂಖ್ಯೆಯನ್ನೇ ಹಿಡಿದು, ಇಲ್ಲಿ ನಿಮಗೆ ಪೂರ್ತಿ ಸಮಾಧಾನವಿದೆಯೇ ಎಂದು ಕೇಳುತ್ತೇನೆ. ಹೀಗೆ ಕೇಳಿದಾಗ ಹೆಚ್ಚಿನವರು ಬಿಚ್ಚುಮನಸ್ಸಿನಿಂದ ಹೇಳುತ್ತಾರೆ. ಅವರು ಹೇಳಿದ್ದನ್ನೇ ಮೂರನೆಯ ಪ್ಯಾರಾ ಆಗಿ ಬರೆದುಕೊಡುವಂತೆ ಕೋರುತ್ತೇನೆ.

ಈ ಅನುಮಾನದ ಪ್ಯಾರಾ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಶಾಲಾ ಹಾಜರಿ ಪುಸ್ತಕಗಳನ್ನು ಆಧರಿಸಿ ಮಕ್ಕಳ ಗೈರುಹಾಜರಿಯ ಬಗ್ಗೆ ಪ್ರಬಂಧ ಸಿದ್ಧಪಡಿಸಿದ್ದರು. ಕೋಷ್ಟಕಗಳು ಅಚ್ಚುಕಟ್ಟಾಗಿದ್ದವು, ತೀರ್ಮಾನವೂ ಸ್ಪಷ್ಟವಾಗಿತ್ತು. ಮೂರನೆಯ ಪ್ಯಾರಾದಲ್ಲಿ ಮಾತ್ರ ಅವರು, ಒಂದೇ ಶಾಲೆಯ, ಒಂದೇ ವಯಸ್ಸಿನ ಮಕ್ಕಳ ಎರಡು ತರಗತಿಗಳ ನಡುವೆ ಇಷ್ಟೊಂದು ವ್ಯತ್ಯಾಸ ಏಕೆ ಬರುತ್ತಿದೆ ಎಂಬುದು ತಮಗೆ ಬಗೆಹರಿದಿಲ್ಲ ಎಂದು ಬರೆದಿದ್ದರು. ಚರ್ಚೆ ಆರಂಭವಾದಾಗ, ಸಾಮಾನ್ಯವಾಗಿ ಮಾತನಾಡದ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು, “ಆ ಎರಡು ತರಗತಿಗಳಲ್ಲಿ ಹಾಜರಿಯನ್ನು ಯಾವ ಹೊತ್ತಿಗೆ ಹಾಕುತ್ತಾರೆ, ಸರ್?” ಎಂದು ಕೇಳಿದಳು. ಪ್ರಬಂಧಕಾರರು ತಮ್ಮ ಟಿಪ್ಪಣಿಗಳನ್ನು ತಿರುವಿ ನೋಡಿದರು: ಒಂದು ತರಗತಿಯಲ್ಲಿ ಗಂಟೆ ಹೊಡೆದ ಕೂಡಲೇ ಹಾಜರಿ ಕೂಗುತ್ತಿದ್ದರು, ಇನ್ನೊಂದರಲ್ಲಿ ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ. ತಡವಾಗಿ ಬಂದ ಮಕ್ಕಳು ಒಂದು ಕಡೆ ಗೈರುಹಾಜರಾಗಿಯೂ ಇನ್ನೊಂದು ಕಡೆ ಹಾಜರಾಗಿಯೂ ದಾಖಲಾಗುತ್ತಿದ್ದರು. ಉಳಿದ ಸಮಯವೆಲ್ಲ, ತಡವಾಗಿ ಬರುವುದನ್ನೂ ಬಾರದೇ ಇರುವುದನ್ನೂ ಹಳೆಯ ದಾಖಲೆಗಳಲ್ಲಿ ಹೇಗೆ ಬೇರ್ಪಡಿಸಬಹುದು ಎಂಬ ಚರ್ಚೆಗೆ ಹೋಯಿತು. ಪ್ರಬಂಧದ ಮುಂದಿನ ಕರಡು ಆ ಚರ್ಚೆಯಿಂದಲೇ ಹುಟ್ಟಿತು. ಆ ಪ್ಯಾರಾ ಇಲ್ಲದೇ ಹೋಗಿದ್ದರೆ ನಾವೆಲ್ಲರೂ ಅಚ್ಚುಕಟ್ಟಾದ ಕೋಷ್ಟಕಗಳನ್ನು ಮೆಚ್ಚಿ ಎದ್ದುಹೋಗುತ್ತಿದ್ದೆವು.

ನಮ್ಮ ಸೆಮಿನಾರಿನ ಅವಧಿ ಒಂದೂವರೆ ಗಂಟೆ. ಇದರಲ್ಲಿ ಮಂಡನೆಗೆ 30 ನಿಮಿಷ, ನಿಗದಿತ ಪ್ರತಿಕ್ರಿಯೆಗೆ 10 ನಿಮಿಷ, ಉಳಿದದ್ದೆಲ್ಲ ಚರ್ಚೆಗೆ. ಪ್ರಬಂಧ ಎಲ್ಲರ ಕೈಯಲ್ಲೂ ಮೊದಲೇ ಇರುವುದರಿಂದ ಅದನ್ನು ಆದ್ಯಂತ ಓದುವ ಅಗತ್ಯವೇ ಬೀಳುವುದಿಲ್ಲ. ಪ್ರತಿಕ್ರಿಯೆ ನೀಡುವವರಿಗೆ ನಾನು ಕೇಳುವುದು ಒಂದೇ: ಮೊದಲು ಪ್ರಬಂಧದ ವಾದವನ್ನು ತಮ್ಮ ಮಾತಿನಲ್ಲಿ, ಪ್ರಬಂಧಕಾರರು ‘ಹೌದು, ನಾನು ಹೇಳಿದ್ದು ಅದನ್ನೇ’ ಎಂದು ಒಪ್ಪುವಂತೆ ಎರಡು ನಿಮಿಷದಲ್ಲಿ ಹೇಳಬೇಕು, ಆಮೇಲೆ ತಮ್ಮ ತಕರಾರನ್ನು ಎತ್ತಬೇಕು. ಅನೇಕ ಜಗಳಗಳು ಈ ಎರಡು ನಿಮಿಷದಲ್ಲೇ ಕರಗಿಹೋಗುತ್ತವೆ. ಸಾಧ್ಯವಾದಾಗಲೆಲ್ಲ ಈ ಕೆಲಸವನ್ನು ಸಂಶೋಧನಾ ವಿದ್ಯಾರ್ಥಿಗಳಿಗೇ ವಹಿಸುತ್ತೇನೆ. ಮಾಸ್ಕೋದಲ್ಲಿ 1943ರಿಂದ ದಶಕಗಳ ಕಾಲ ನಡೆದ ತಮ್ಮ ಪ್ರಸಿದ್ಧ ಸೆಮಿನಾರಿನಲ್ಲಿ ಗಣಿತಜ್ಞ ಇಸ್ರಾಯಿಲ್ ಗೆಲ್ಫಾಂಡ್ ಅವರು ಭಾಷಣವನ್ನು ನಡುವೆಯೇ ನಿಲ್ಲಿಸಿ, ಕುಳಿತಿದ್ದ ಕಿರಿಯರಲ್ಲಿ ಒಬ್ಬರನ್ನು ಎಬ್ಬಿಸಿ, ಇದುವರೆಗೆ ಹೇಳಿದ್ದನ್ನು ವಿವರಿಸಲು ಹೇಳುತ್ತಿದ್ದರಂತೆ. ಅಷ್ಟು ಕಟುವಾಗಿ ನಡೆಸುವುದು ನನಗೆ ಒಗ್ಗದು. ಆದರೆ ಕಿರಿಯರಿಗೆ ಅರ್ಥವಾಗಿದೆಯೇ ಎಂಬುದೇ ಸಭೆಯ ಅಳತೆಗೋಲು ಎಂಬ ಅವರ ನಿಲುವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಚರ್ಚೆಯ ಹೊತ್ತಿನಲ್ಲಿ ಅಧ್ಯಕ್ಷರಿಗೆ ಅತ್ಯಂತ ಕಷ್ಟವಾದ ಕೆಲಸ ಸುಮ್ಮನಿರುವುದು. ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದು ಹೇಳಿ, ಮರುಕ್ಷಣವೇ ‘ಇಲ್ಲವೆಂದಾದರೆ ನಾನೇ ಒಂದು ಕೇಳುತ್ತೇನೆ’ ಎನ್ನುವ ಅಭ್ಯಾಸ ಎಲ್ಲೆಡೆಯೂ ಇದೆ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು ಎಂಬುದನ್ನು ತೋರಿಸಿದರು. ಅದನ್ನು ಮೂರು ಸೆಕೆಂಡುಗಳಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಹೆಚ್ಚು ಮಕ್ಕಳು ಬಾಯಿ ಬಿಟ್ಟರು. ಸೆಮಿನಾರಿನ ಕೇಳುಗರಿಗೆ ಅಷ್ಟೂ ಸಾಲದು. ಆದ್ದರಿಂದ ಪ್ರತಿಕ್ರಿಯೆ ಮುಗಿದ ಮೇಲೆ ಮೂರು ನಿಮಿಷದ ವಿರಾಮ ಘೋಷಿಸಿ, ಪಕ್ಕದಲ್ಲಿ ಕುಳಿತವರ ಜೊತೆ ಮಾತನಾಡಿ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ ಎಂದು ಹೇಳುತ್ತೇನೆ. ಪಕ್ಕದವರ ಮುಂದೆ ಒಮ್ಮೆ ಆಡಿ ನೋಡಿದ ಪ್ರಶ್ನೆಯನ್ನು ಸಭೆಯಲ್ಲಿ ಕೇಳಲು ಅಷ್ಟೊಂದು ಅಳುಕಿರುವುದಿಲ್ಲ.

ಮೊದಲ ಪ್ರಶ್ನೆ ಯಾರದು ಎಂಬುದೂ ಮುಖ್ಯ. ಹತ್ತು ದೇಶಗಳ ಸುಮಾರು 250 ಸೆಮಿನಾರುಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸಭೆಯಲ್ಲಿ ಸರಿಸುಮಾರು ಅರ್ಧದಷ್ಟು ಮಹಿಳೆಯರಿದ್ದರೂ ಅವರಿಂದ ಬರುವ ಪ್ರಶ್ನೆಗಳು ಬಹಳ ಕಡಿಮೆ. ಮೊದಲ ಪ್ರಶ್ನೆ ಪುರುಷರಿಂದ ಬಂದಾಗ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಹಿರಿಯ ಪ್ರಾಧ್ಯಾಪಕರು ಮೊದಲು ಮಾತನಾಡಿದರೆ ಕಿರಿಯರು ಹಿಂದೆ ಸರಿಯುವುದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಮೊದಲ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಮೀಸಲಿಟ್ಟಿದ್ದೇನೆ, ಅದರಲ್ಲೂ ವಿದ್ಯಾರ್ಥಿನಿಯರ ಕೈ ಎದ್ದಿದೆಯೇ ಎಂದು ಮೊದಲು ನೋಡುತ್ತೇನೆ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವವರನ್ನು ತಡೆಯುವುದು ಹೇಗೆಂದು ಅನೇಕರು ಕೇಳುತ್ತಾರೆ. “ತಮ್ಮ ಪ್ರಶ್ನೆಯನ್ನು ಪ್ರಬಂಧದ ಯಾವ ಪುಟಕ್ಕೆ ಹೊಂದಿಸಿಕೊಳ್ಳಬೇಕು, ದಯವಿಟ್ಟು ತಿಳಿಸಿ” ಎಂದು ವಿನಯದಿಂದ ಕೇಳಿದರೆ ಸಾಕು. ಮಾತು ತಾನಾಗಿಯೇ ಹಾದಿಗೆ ಬರುತ್ತದೆ.

ಅಪೂರ್ಣ ಕೆಲಸವನ್ನು ತೋರಿಸುವವರಿಗೆ ರಕ್ಷಣೆಯೂ ಬೇಕು. ಅಂತರರಾಷ್ಟ್ರೀಯ ವಿದ್ಯಮಾನಗಳ ಅಧ್ಯಯನ ಸಂಸ್ಥೆಯಾದ ಲಂಡನ್ನಿನ ಚಾಥಮ್ ಹೌಸ್ 1927ರಲ್ಲಿ ರೂಪಿಸಿದ ನಿಯಮದಂತೆ, ಸಭೆಯಲ್ಲಿ ಕೇಳಿದ ಮಾಹಿತಿಯನ್ನು ಬಳಸಿಕೊಳ್ಳಬಹುದು, ಆದರೆ ಹೇಳಿದವರು ಯಾರೆಂದು ಬಹಿರಂಗಪಡಿಸುವಂತಿಲ್ಲ. ಸಂಶೋಧನೆಗೆ ಇದು ಹಾಗೆಯೇ ಹೊಂದುವುದಿಲ್ಲ, ಏಕೆಂದರೆ ಇಲ್ಲಿ ವಿಚಾರದ ಶ್ರೇಯಸ್ಸು ಅದರ ಒಡೆಯರಿಗೆ ಸಲ್ಲಲೇಬೇಕು. ನಮ್ಮಲ್ಲಿರುವ ನಿಯಮ ಹೀಗಿದೆ: ಕರಡನ್ನು ಅನುಮತಿಯಿಲ್ಲದೆ ಬೇರೆಯವರಿಗೆ ಕಳುಹಿಸಬಾರದು, ಉಲ್ಲೇಖಿಸಬಾರದು, ಸ್ಲೈಡುಗಳ ಫೋಟೋ ತೆಗೆಯಬಾರದು. ಪ್ರತಿ ಸಲವೂ ಇದನ್ನು ಆರಂಭದಲ್ಲೇ ಹೇಳುತ್ತೇನೆ.

ಇನ್ನು ಕೇಳುಗನಾಗಿ ನಾನು ಮಾಡಿಕೊಳ್ಳುವ ತಯಾರಿಯ ಮಾತು. ಬೇರೆ ಕಡೆಯ ಸೆಮಿನಾರುಗಳಲ್ಲಿ ಪ್ರಬಂಧ ಮೊದಲೇ ಸಿಗುವುದು ಅಪರೂಪ. ಸಿಗುವುದು ಶೀರ್ಷಿಕೆ ಮತ್ತು ಸಾರಾಂಶ ಮಾತ್ರ. ಅದನ್ನು ಓದಿ, ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟರೆ ನಾನು ಏನು ಉತ್ತರ ಹೇಳುತ್ತೇನೆ, ಯಾವ ಪುರಾವೆಯನ್ನು ಹುಡುಕುತ್ತೇನೆ ಎಂದು ನಾಲ್ಕು ಸಾಲು ಬರೆದುಕೊಂಡು ಹೋಗುತ್ತೇನೆ. ವಿಷಯ ನನ್ನ ಕ್ಷೇತ್ರದ್ದಲ್ಲದಿದ್ದರೂ ಇದನ್ನು ತಪ್ಪಿಸುವುದಿಲ್ಲ. ಹೀಗೆ ಬರೆದುಕೊಂಡಾಗ ಮಂಡನೆಯ ಪ್ರತಿ ಹೆಜ್ಜೆಯೂ ನನ್ನ ಊಹೆಗೆ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಕೂಡಲೇ ಕಣ್ಣಿಗೆ ಬೀಳುತ್ತದೆ. ನನ್ನದೇ ಒಂದು ಮುಗಿಯದ ಪ್ರಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡು ಅವರದನ್ನು ಕೇಳಿದಂತಾಗುತ್ತದೆ.

ಟಿಪ್ಪಣಿ ಮಾಡಿಕೊಳ್ಳಲು ನಾನು ಅನುಸರಿಸುವುದು ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರು ಜನಪ್ರಿಯಗೊಳಿಸಿದ ಪುಟವಿನ್ಯಾಸವನ್ನೇ, ತುಸು ಮಾರ್ಪಾಡಿನೊಂದಿಗೆ. ಬಲಗಡೆಯ ಅಗಲವಾದ ಭಾಗದಲ್ಲಿ ಕೇಳಿದ್ದು, ಎಡಗಡೆಯ ಕಿರಿದಾದ ಪಟ್ಟಿಯಲ್ಲಿ ನನ್ನ ಪ್ರಶ್ನೆ, ಕೆಳಗೆ ಸಾರಾಂಶ. ಮಾರ್ಪಾಡೆಂದರೆ, ಪಾಕ್ ಅವರ ಪದ್ಧತಿಯಲ್ಲಿ ಎಡಪಟ್ಟಿಯನ್ನು ಆಮೇಲೆ ತುಂಬುತ್ತಾರೆ. ನಾನು ಅದನ್ನು ಕೇಳುತ್ತಿರುವಾಗಲೇ ತುಂಬುತ್ತೇನೆ. ಬಲಗಡೆ ‘ಸಂದರ್ಶನಕ್ಕೆ ಒಪ್ಪಿದವರಲ್ಲಿ ಶೇ. 60 ಮಂದಿ ತೃಪ್ತರು’ ಎಂದಿದ್ದರೆ, ಎಡಗಡೆ ‘ಒಪ್ಪದವರು ಎಷ್ಟು? ಅವರೂ ತೃಪ್ತರೇ?’ ಎಂದಿರುತ್ತದೆ. ಎಡಪಟ್ಟಿ ಬಹಳ ಹೊತ್ತು ಖಾಲಿ ಉಳಿಯಿತೆಂದರೆ ನಾನು ಬರೆದುಕೊಳ್ಳುತ್ತಿದ್ದೇನೆಯೇ ಹೊರತು ಯೋಚಿಸುತ್ತಿಲ್ಲ ಎಂದು ತಿಳಿದು ಪೆನ್ನು ಕೆಳಗಿಡುತ್ತೇನೆ. ಕೈಬರಹ ಮೇಲೋ ಲ್ಯಾಪ್‌ಟಾಪ್ ಮೇಲೋ ಎಂಬ ವಾದದಲ್ಲಿ 2014ರ ಒಂದು ಪ್ರಸಿದ್ಧ ಅಧ್ಯಯನ ಕೈಬರಹದ ಪರವಾಗಿತ್ತು. ಅದನ್ನು ಮತ್ತೆ ಮಾಡಿ ನೋಡಿದ ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟ ಫಲಿತಾಂಶ ಬರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಇಳಿಸಿಕೊಳ್ಳದಿರುವುದು ಮುಖ್ಯ, ಸಾಧನ ಯಾವುದಾದರೂ ಆಗಬಹುದು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳುವಾಗ ನಾನು ಒಂದೇ ಪ್ರಶ್ನೆಯನ್ನು, ಎರಡು ವಾಕ್ಯ ಮೀರದಂತೆ ಕೇಳುತ್ತೇನೆ. ಅತ್ಯಂತ ಫಲಕಾರಿಯಾದ ಪ್ರಶ್ನೆ ನನ್ನ ಅನುಭವದಲ್ಲಿ ಇದು: “ಯಾವ ಸಾಕ್ಷ್ಯ ಸಿಕ್ಕಿದ್ದರೆ ತಾವು ಈ ತೀರ್ಮಾನವನ್ನು ಬದಲಾಯಿಸಿಕೊಳ್ಳುತ್ತಿದ್ದಿರಿ?” ಅನುಮಾನದ ಪ್ಯಾರಾ ಬರೆಯದೇ ಬಂದವರಿಂದಲೂ ಅದನ್ನು ಗೌರವಪೂರ್ವಕವಾಗಿ ಹೊರಡಿಸುವ ಪ್ರಶ್ನೆ ಇದು. ಅರ್ಥವಾಗದ ಪಾರಿಭಾಷಿಕ ಪದವಿದ್ದರೆ ಅದನ್ನು ಕೇಳಲು ಸಂಕೋಚಪಡುವುದಿಲ್ಲ. ಅದೇ ಪದ ಅರ್ಥವಾಗದೆ ಸುಮ್ಮನೆ ಕುಳಿತವರು ಸಭೆಯಲ್ಲಿ ಇನ್ನೂ ಇದ್ದೇ ಇರುತ್ತಾರೆ.

ಸಭೆ ಮುಗಿದ ಮೇಲಿನ ಒಂದು ಗಂಟೆಯನ್ನು ನಾನು ಬಹಳ ಜತನದಿಂದ ಕಾಪಾಡಿಕೊಳ್ಳುತ್ತೇನೆ. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆಂದು 1885ರಲ್ಲಿಯೇ ತೋರಿಸಿದ್ದರು. 2006ರಲ್ಲಿ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದಾಗ, ಪಠ್ಯವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರೇ ಮುಂದಿದ್ದರು. ಅದಕ್ಕೇ ನಾನು ಟಿಪ್ಪಣಿ ಪುಸ್ತಕವನ್ನು ಮುಚ್ಚಿ, ಬೇರೊಂದು ಹಾಳೆಯಲ್ಲಿ ವಾದವನ್ನು ಮೊದಲಿನಿಂದ ಕೊನೆಯವರೆಗೆ ನೆನಪಿನಿಂದ ಬರೆಯುತ್ತೇನೆ, ಆಮೇಲೆ ಪುಸ್ತಕ ತೆರೆದು ತಾಳೆ ನೋಡುತ್ತೇನೆ. ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ನನಗೆ ಅರ್ಥವಾಗಿರಲಿಲ್ಲ ಎಂದು ಖಚಿತವಾಗುತ್ತದೆ; ಕೆಲವೊಮ್ಮೆ ಆ ಕೊಂಡಿ ಪ್ರಬಂಧದಲ್ಲೇ ಇರಲಿಲ್ಲ ಎಂಬುದೂ ಆಗಲೇ ಹೊಳೆಯುತ್ತದೆ. ಎರಡನೆಯ ಸಂದರ್ಭದಲ್ಲಿ ಒಂದೆರಡು ದಿನದೊಳಗೆ ಪ್ರಬಂಧಕಾರರಿಗೆ ಚಿಕ್ಕದೊಂದು ಪತ್ರ ಬರೆಯುತ್ತೇನೆ. ಸಭೆಯಲ್ಲಿ ಹೇಳಲಾಗದ ಎಷ್ಟೋ ವಿಷಯಗಳನ್ನು ಅವರು ಉತ್ತರದಲ್ಲಿ ಧಾರಾಳವಾಗಿ ಹಂಚಿಕೊಂಡಿದ್ದಾರೆ.

ನಮ್ಮ ಸೆಮಿನಾರಿನಲ್ಲೂ ಪ್ರತಿ ವಾರ ಒಬ್ಬ ವಿದ್ಯಾರ್ಥಿ, ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಮಾತ್ರ ಒಂದು ಪುಟದಲ್ಲಿ ದಾಖಲಿಸಿ ಎಲ್ಲರಿಗೂ ಕಳುಹಿಸುವ ವ್ಯವಸ್ಥೆ ಮಾಡಿದ್ದೇನೆ. ಆ ಪುಟಗಳ ಕಡತವೊಂದಿದೆ. ಮುಂದಿನ ಅವಧಿಗೆ ಯಾರನ್ನು ಕರೆಯಬೇಕೆಂದು ನಿರ್ಧರಿಸಲು ಕುಳಿತಾಗ ವಿದ್ವಾಂಸರ ಹೆಸರುಗಳ ಪಟ್ಟಿಗಿಂತ ಮೊದಲು ಈ ಕಡತವನ್ನು ತೆರೆಯುತ್ತೇವೆ. ಯಾವ ಪ್ರಶ್ನೆ ಮತ್ತೆ ಮತ್ತೆ ಬಂದಿದೆಯೋ ಅದರ ಮೇಲೆ ಈಗ ಕೆಲಸ ಮಾಡುತ್ತಿರುವವರು ಯಾರೆಂದು ಹುಡುಕಿ, ಅವರ ಪ್ರಬಂಧ ಇನ್ನೂ ಮುಗಿದಿಲ್ಲವೆಂದು ತಿಳಿದರೆ ಅವರಿಗೇ ಮೊದಲ ಆಹ್ವಾನ ಕಳುಹಿಸುತ್ತೇವೆ.