22 ಲ್ಯಾಪ್‌ಟಾಪ್, ಒಂದಕ್ಕೂ ಡಿಸ್ಕ್ ಇಲ್ಲ!

"ಅಣ್ಣಾ, ಇದರಲ್ಲಿ ಡಿಸ್ಕೇ ಇಲ್ಲ ಅಂತಿದೆ" ಅಂದ ನಮ್ಮ ಹುಡುಗ.

ಡಬ್ಬಿಯಿಂದ ತೆಗೆದು ಹತ್ತು ನಿಮಿಷ ಆಗಿರಲಿಲ್ಲ. ಅದರಲ್ಲಿ ವಿಂಡೋಸ್ ಆನ್ ಆಗಿದ್ದನ್ನು ನಾನೇ ನೋಡಿದ್ದೆ. ಡಿಸ್ಕ್ ಇಲ್ಲದೆ ವಿಂಡೋಸ್ ಎಲ್ಲಿಂದ ಬಂತು?

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಸರ್ವಿಸ್ ಅಂಗಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಮೇಲೆ ಹಳೇ ಮೆಷಿನ್ ತೆಗೆದು ಹೊಸದು ಹಾಕುವ ಕೆಲಸ ಜಾಸ್ತಿ ಆಯ್ತು. ಮೆಕ್ಕೆಜೋಳದ ವ್ಯಾಪಾರ ಮಾಡುವ ಒಂದು ಕಂಪನಿಯವರು 22 ಬಿಸಿನೆಸ್ ಲ್ಯಾಪ್‌ಟಾಪ್ ತರಿಸಿದ್ದರು. ಎಲ್ಲಕ್ಕೂ ಒಂದೇ ವಿಂಡೋಸ್ 11 ಇಮೇಜ್, ಅಂದರೆ ಒಂದು ಸಲ ಸಿದ್ಧ ಮಾಡಿ ಎಲ್ಲಕ್ಕೂ ಇಳಿಸುವ ವಿಂಡೋಸ್‌ನ ಪಡಿಯಚ್ಚು. ಟ್ಯಾಲಿ, ಆಫೀಸ್, ನುಡಿ, ಪ್ರಿಂಟರ್ ಎಲ್ಲ ಅದರೊಳಗೇ. ಶನಿವಾರ, ಭಾನುವಾರ ಕೂತು ಮುಗಿಸಿ ಸೋಮವಾರ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ. ಹಳೇ ಡೆಸ್ಕ್‌ಟಾಪ್‌ಗಳಿಗೆ ಇದೇ ಕೆಲಸ ಎಷ್ಟೋ ಸಲ ಮಾಡಿದ್ದೇನೆ, ಆ ಧೈರ್ಯ.

ಮೊದಲು ನಾನು ಮಾಡಿದ್ದು ದಡ್ಡ ಕೆಲಸ. ಇಮೇಜೇ ಕೆಟ್ಟಿದೆ ಅಂದುಕೊಂಡು ಮತ್ತೆ ಸಿಸ್‌ಪ್ರೆಪ್ ಮಾಡಿ (ವಿಂಡೋಸನ್ನು ನಕಲಿಗೆ ಸಿದ್ಧ ಮಾಡುವುದು), ಮತ್ತೆ ಕ್ಯಾಪ್ಚರ್ ಮಾಡಿದೆ (ಅದನ್ನು ಇಮೇಜ್ ಫೈಲ್ ಆಗಿ ಹಿಡಿಯುವುದು). ಶನಿವಾರ ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯ್ತು. ಇಮೇಜ್ ಇನ್ನೂ ಲ್ಯಾಪ್‌ಟಾಪಿನ ಹೊಸ್ತಿಲೇ ದಾಟಿರಲಿಲ್ಲ, ಅದರ ತಪ್ಪೇನು?

ಸಂಜೆ ಮಂಡಕ್ಕಿ ಮಿರ್ಚಿ ತಿಂದು ಬಂದ ಮೇಲೆ ತಲೆ ಓಡಿತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಶಿಫ್ಟ್ ಎಫ್10 ಒತ್ತಿ ಕಮಾಂಡ್ ಪರದೆ ತೆರೆದು, ಡಿಸ್ಕ್‌ಗಳ ಪಟ್ಟಿ ತೋರಿಸುವ ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ಡಿಸ್ಕ್ ಕೊಟ್ಟೆ. ಪೆನ್‌ಡ್ರೈವ್ ಒಂದೇ ಕಂಡಿತು. ಅಂದರೆ ತೊಂದರೆ ವಿಂಡೋಸ್ ಪಿಇಯದು, ಪೆನ್‌ಡ್ರೈವ್‌ನಿಂದ ಎದ್ದು ಇಮೇಜ್ ಹೊತ್ತು ತರುವ ಪುಟ್ಟ ವಿಂಡೋಸ್‌ನದು. 11ನೇ ಜನರೇಷನ್‌ನಿಂದ ಈಚೆಗಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಮುಂದೆ ವಿಎಂಡಿ ಅನ್ನುವ ಕಂಟ್ರೋಲರ್ ಕೂತಿರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದು ಕಂಪನಿಯಿಂದಲೇ ಆನ್ ಆಗಿ ಬರುತ್ತದೆ. ಅದನ್ನು ವಿಂಡೋಸ್ ಗುರುತಿಸಲು ಬೇಕಾದ ಡ್ರೈವರ್ ಸಾಫ್ಟ್‌ವೇರ್ ಇಲ್ಲದಿದ್ದರೆ ಹಿಂದಿರುವ ಎಸ್‌ಎಸ್‌ಡಿ ಕಾಣುವುದೇ ಇಲ್ಲ. ಕಂಪನಿಯಿಂದ ಬಂದ ವಿಂಡೋಸ್‌ನಲ್ಲಿ ಆ ಡ್ರೈವರ್ ಇತ್ತು, ನಮ್ಮ ಪೆನ್‌ಡ್ರೈವ್‌ನಲ್ಲಿ ಇರಲಿಲ್ಲ.

ನಾನು ಡ್ರೈವರ್ ಹುಡುಕುತ್ತಿದ್ದಾಗ ಹುಡುಗ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿಬಿಟ್ಟ. ಡಿಸ್ಕ್ ಕಂಡಿತು. ಮೂರು ಲ್ಯಾಪ್‌ಟಾಪ್‌ಗೆ ಇಮೇಜ್ ಹಾಕಿ, "ಇಷ್ಟೇ ಅಣ್ಣಾ" ಅಂತ ಕೈ ಒರೆಸಿಕೊಂಡ. ನಾನು ಬೈಯಲಿಲ್ಲ. ಒಂದನ್ನು ತಗೊಂಡು ಅವನೆದುರೇ ಬಯಾಸ್ ಡಿಫಾಲ್ಟ್‌ಗೆ ತಂದೆ. ವಿಎಂಡಿ ಮತ್ತೆ ಆನ್ ಆಯ್ತು. ನೀಲಿ ಪರದೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದರೆ ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುತ್ತಿಲ್ಲ. ನಾಳೆ ಯಾರೋ ಬಯಾಸ್ ರೀಸೆಟ್ ಮಾಡಿದರೂ, ಮದರ್‌ಬೋರ್ಡ್ ಬದಲಾದರೂ ಇದೇ ಕಥೆ. ಆಗ ಫೋನ್ ಬರುವುದು ನನಗೆ ತಾನೇ? ಒಂದೇ ಲ್ಯಾಪ್‌ಟಾಪ್ ಆಗಿದ್ದರೆ ನಾನೂ ಆಫ್ ಮಾಡುತ್ತಿದ್ದೆನೇನೋ. 22ಕ್ಕೆ ಬೇಡ.

ಡ್ರೈವರ್ ಎಲ್ಲಿಂದ ತರುವುದು? ಒಂದು ಲ್ಯಾಪ್‌ಟಾಪ್‌ನಲ್ಲಿ ಕಂಪನಿಯ ವಿಂಡೋಸ್ ಹಾಗೇ ಉಳಿಸಿದ್ದೆವು. ಅದರಲ್ಲಿ ವಿಂಡೋಸ್‌ನದೇ ಪಿಎನ್‌ಪಿಯುಟಿಲ್ ಕಮಾಂಡ್‌ನಿಂದ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಎಕ್ಸ್‌ಪೋರ್ಟ್ ಮಾಡಿಕೊಂಡೆ. ನೆಟ್‌ನಲ್ಲಿ ಹುಡುಕುವುದಕ್ಕಿಂತ ಇದು ವಾಸಿ, ಆ ಮೆಷಿನ್‌ಗೆ ಸರಿಹೊಂದುವುದೇ ಸಿಗುತ್ತದೆ. ವಿಎಂಡಿ ಡ್ರೈವರ್‌ನ ಐಎನ್‌ಎಫ್ ಫೈಲನ್ನು ಪಿಇ ಒಳಗೆ ಡಿಆರ್‌ವಿಲೋಡ್ ಕಮಾಂಡ್‌ನಿಂದ ಲೋಡ್ ಮಾಡಿ, ಡಿಸ್ಕ್‌ಗಳನ್ನು ಮತ್ತೆ ಹುಡುಕಲು ರೀಸ್ಕ್ಯಾನ್ ಕೊಟ್ಟು, ಮತ್ತೆ ಲಿಸ್ಟ್ ಡಿಸ್ಕ್. ಬಂತು ನೋಡಿ, 476 ಜಿಬಿ! 512 ಅಂತ ಮಾರಿದ್ದು ಇಲ್ಲಿ ಹೀಗೇ ಕಾಣುವುದು.

ಆಮೇಲೆ ಅದೇ ಡ್ರೈವರನ್ನು ಇಮೇಜ್ ತಿದ್ದುವ ಡಿಸ್ಮ್ ಕಮಾಂಡ್‌ನಿಂದ ಎರಡು ಕಡೆ ಸೇರಿಸಿದೆ. ಒಂದು ಬೂಟ್ ಇಮೇಜ್‌ಗೆ (ಪಿಇ ಇರುವುದು ಇದರಲ್ಲೇ), ಇನ್ನೊಂದು ವಿಂಡೋಸ್ ಇಮೇಜ್‌ಗೆ. ಬೂಟ್ ಇಮೇಜ್‌ಗೆ ಮಾತ್ರ ಹಾಕಿದರೆ ಇಮೇಜ್ ಡಿಸ್ಕ್‌ಗೇನೋ ಇಳಿಯುತ್ತದೆ, ಮೊದಲ ರೀಸ್ಟಾರ್ಟ್‌ಗೇ ಅದೇ ನೀಲಿ ಪರದೆ. ಮೈಕ್ರೋಸಾಫ್ಟ್ ಕೊಡುವ ವಿಂಡೋಸ್ ಐಎಸ್‌ಒ ಫೈಲ್‌ನಲ್ಲಿರುವ ಬೂಟ್ ಇಮೇಜ್ (ಬೂಟ್ ವಿಮ್) ಬಳಸುವವರು ಇನ್ನೊಂದು ನೆನಪಿಡಿ. ಅದರಲ್ಲಿ ಎರಡು ಇಂಡೆಕ್ಸ್, ಅಂದರೆ ಎರಡು ಇಮೇಜ್ ಇರುತ್ತದೆ, ಸೆಟಪ್ ಓಡುವುದು ಎರಡನೆಯದರಿಂದ. ಮೊದಲನೆಯದಕ್ಕೆ ಮಾತ್ರ ಡ್ರೈವರ್ ಹಾಕಿ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಒಂದು ಪೆನ್‌ಡ್ರೈವ್‌ನಲ್ಲಿ 22 ಮುಗಿಸುವುದು ಆಗದ ಮಾತು. ಭಾನುವಾರ ನೆಟ್‌ವರ್ಕ್‌ನಿಂದ ಶುರು ಮಾಡಿದೆವು. ಈ ತೆಳು ಲ್ಯಾಪ್‌ಟಾಪ್‌ಗಳಿಗೆ ಲ್ಯಾನ್ ಪೋರ್ಟೇ ಇಲ್ಲ. ಲ್ಯಾನ್ ಕೇಬಲ್ ಸಿಕ್ಕಿಸಲು ನಾಲ್ಕು ಟೈಪ್-ಸಿ ಡಾಂಗಲ್ ತಂದಿದ್ದೆ. ಪಿಎಕ್ಸ್‌ಇ ಬೂಟ್, ಅಂದರೆ ನೆಟ್‌ವರ್ಕ್‌ನಿಂದಲೇ ಏಳುವುದು, ಚೆನ್ನಾಗೇ ಆಯ್ತು, ಬೂಟ್ ಇಮೇಜ್ ಇಳಿಯಿತು. ಮುಂದಿನ ಹೆಜ್ಜೆಗೆ ಸರ್ವರ್ ಸಿಗುತ್ತಿಲ್ಲ ಅಂತು. ಈಗ ತಾನೆ ನೆಟ್‌ವರ್ಕ್‌ನಿಂದಲೇ ಬಂದಿದೆ, ಈಗ ನೆಟ್‌ವರ್ಕ್ ಇಲ್ವಾ? ಬೂಟ್ ಆಗುವಾಗ ಡಾಂಗಲ್ ಓಡಿಸುವುದು ಲ್ಯಾಪ್‌ಟಾಪಿನ ಫರ್ಮ್‌ವೇರ್, ಅಂದರೆ ಅದೇ ಬಯಾಸ್. ಪಿಇ ಎದ್ದ ಮೇಲೆ ಅದಕ್ಕೆ ತನ್ನದೇ ಡ್ರೈವರ್ ಬೇಕು. ನೆಟ್‌ವರ್ಕ್ ವಿವರ ತೋರಿಸುವ ಐಪಿಕಾನ್ಫಿಗ್ ಕೊಟ್ಟರೆ ಒಂದು ಅಡಾಪ್ಟರೂ ಇಲ್ಲ. ಡಾಂಗಲ್ ಡ್ರೈವರನ್ನೂ ಬೂಟ್ ಇಮೇಜ್‌ಗೆ ಸೇರಿಸಿದ ಮೇಲೆ ನಾಲ್ಕು ನಾಲ್ಕಾಗಿ ಓಡಿದವು.

ರಾತ್ರಿ ನೋಡಿದರೆ ಐದನೆಯ ಲ್ಯಾಪ್‌ಟಾಪ್‌ಗೆ ಮೊದಲನೆಯದರ ಹೆಸರೇ ಕೂತಿದೆ! ನಮ್ಮ ಸರ್ವರ್ ಮೆಷಿನ್ ಗುರುತು ಹಿಡಿಯುತ್ತಿದ್ದದ್ದು ಮ್ಯಾಕ್ ಅಡ್ರೆಸ್‌ನಿಂದ, ಅಂದರೆ ನೆಟ್‌ವರ್ಕ್ ಅಡಾಪ್ಟರ್‌ನ ಗುರುತಿನ ಸಂಖ್ಯೆಯಿಂದ. ಅದು ಡಾಂಗಲ್‌ನದು, ಲ್ಯಾಪ್‌ಟಾಪ್‌ನದಲ್ಲ. ನಾಲ್ಕು ಡಾಂಗಲ್, ಹಾಗಾಗಿ ನಾಲ್ಕೇ ಹೆಸರು. ಬಯಾಸ್‌ನಲ್ಲಿ ಮ್ಯಾಕ್ ಪಾಸ್‌ಥ್ರೂ ಆನ್ ಮಾಡಿ, ಡಾಂಗಲ್‌ನದರ ಬದಲು ಲ್ಯಾಪ್‌ಟಾಪಿನದೇ ಅಡ್ರೆಸ್ ಕಾಣುವ ಹಾಗೆ ಮಾಡುವ ದಾರಿ ಇತ್ತು. ನಾನು ಸ್ಕ್ರಿಪ್ಟ್‌ನಲ್ಲಿ ಹೆಸರನ್ನು ಸೀರಿಯಲ್ ನಂಬರ್‌ನಿಂದ ತಗೊಳ್ಳುವ ಹಾಗೆ ಬದಲಿಸಿದೆ. ಲ್ಯಾಪ್‌ಟಾಪ್ ಅಡಿಯ ಸ್ಟಿಕರ್ ನೋಡಿದರೆ ಹೆಸರು ಗೊತ್ತಾಗುತ್ತದೆ, ಫೋನ್‌ನಲ್ಲಿ ಕೇಳುವುದಕ್ಕೂ ಸಲೀಸು.

ಕೊಟ್ಟಿದ್ದು ಮಂಗಳವಾರ. "ಏನ್ರೀ, ಸೋಮವಾರ ಅಂದಿದ್ರಿ" ಅಂದರು ಅಕೌಂಟೆಂಟ್ ಸರ್. ನಗಾಡಿಕೊಂಡು ಬಿಲ್ ಮುಂದಿಟ್ಟೆ.

ಆಮೇಲೆ ಅವರೇ ಇನ್ನೂ 6 ತರಿಸಿದರು, ಮುಂದಿನ ಜನರೇಷನ್‌ನವು. ಪೆನ್‌ಡ್ರೈವ್ ಹಾಕುತ್ತಿದ್ದ ಹಾಗೇ ಹುಡುಗ ಕೂಗಿದ, "ಅಣ್ಣಾ, ಮತ್ತೆ ಡಿಸ್ಕ್ ಇಲ್ಲ."

"ಒಂದರಲ್ಲಿ ಕಂಪನಿ ವಿಂಡೋಸ್ ಉಳಿಸಿದ್ದೀಯಾ?" ಅಂತ ಕೇಳಿದೆ.

ಉಳಿಸಿದ್ದ.