ಟೆಸೆಲ್ ದ್ವೀಪದಲ್ಲಿ ಮೌಂಟನ್ ಬೈಕ್: ಕಡಲಿನ ಇಳಿತ ಮತ್ತು ಗಾಳಿ ನೋಡಿ ಹಾಕಿದ ಸುತ್ತು

ನೆದರ್‌ಲ್ಯಾಂಡ್ಸ್‌ನ ಟೆಸೆಲ್ ದ್ವೀಪದಲ್ಲಿ ಬರೀ 15 ಮೀಟರ್ ಎತ್ತರದ ದಿಣ್ಣೆಯೊಂದಿದೆ. ಅದರ ಹೆಸರು ಹೋಖೆ ಬೆರ್ಖ್, ಅಂದರೆ ಎತ್ತರದ ಬೆಟ್ಟ. ಅಂಥ ಊರಿನಲ್ಲಿ ಮೌಂಟನ್ ಬೈಕಿಗೆ ಏನು ಕೆಲಸ ಎಂಬುದು ನಮ್ಮ ಸೈಕಲ್ ಗುಂಪಿನವರ ಮೊದಲ ಪ್ರಶ್ನೆ. ಬೆಂಗಳೂರಿನ ತುರಹಳ್ಳಿಯ ಬಂಡೆಗಳ ಮೇಲೆ ಪಳಗಿ ಬಂದವರು ಇಲ್ಲಿನ ಸಪಾಟು ನೆಲ ನೋಡಿ ರೋಡ್ ಬೈಕ್ ಕೊಂಡು ಸುಮ್ಮನಾಗುತ್ತಾರೆ. "ಆ ದ್ವೀಪದಲ್ಲಿ ಎರಡೇ ಗಂಟೆಯಲ್ಲಿ ಬೇಜಾರು ಬರುತ್ತೆ, ಮರಳಲ್ಲಿ ತಳ್ಳಿಕೊಂಡು ಬರ್ತೀಯ" ಎಂದವರೇ ಹೆಚ್ಚು. ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೇ ಸಲ ಪೂರ್ತಿ ಸುತ್ತು ಮುಗಿಯಿತು: ಹೆಚ್ಚುಕಡಿಮೆ 75 ಕಿ.ಮೀ., ಸೈಕಲ್ ಮೇಲೆ ನಾಲ್ಕೂವರೆ ಗಂಟೆ, ಒಂದು ಪಂಕ್ಚರೂ ಇಲ್ಲ, ಮರಳಿನಲ್ಲಿ ತಳ್ಳಿದ್ದು ಇನ್ನೂರು ಮೀಟರ್ ಇದ್ದರೆ ಹೆಚ್ಚು. ಆಮೇಲೆ ಇದೇ ಲೆಕ್ಕದಲ್ಲಿ ಇನ್ನೂ ಐದು ಸಲ ಹೋಗಿದ್ದೇನೆ, ಒಂದು ಸಲವೂ ಕೈಕೊಟ್ಟಿಲ್ಲ.

ಗುಟ್ಟು ಇಷ್ಟೇ. ಬೆಟ್ಟದ ಊರಿನಲ್ಲಿ ದಾರಿಯನ್ನು ನಕ್ಷೆ ನೋಡಿ ಹಾಕುತ್ತೇವೆ. ಇಲ್ಲಿ ಮೊದಲು ಇಳಿತದ ಪಟ್ಟಿ (ಕಡಲ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬ ವೇಳಾಪಟ್ಟಿ), ಆಮೇಲೆ ಗಾಳಿ, ಕೊನೆಗೆ ನಕ್ಷೆ. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿ ಸೈಕಲ್ ಇದ್ದರೂ ಕೆಲಸವಾಗುವುದಿಲ್ಲ.

ಸೋತ ಮೂರು ಸಲದ ಲೆಕ್ಕ ಮೊದಲು ಕೊಡುತ್ತೇನೆ, ಪಾಠ ಇರುವುದು ಅಲ್ಲಿ.

ಮೊದಲನೆಯದು ಅಕ್ಟೋಬರಿನಲ್ಲಿ, ವಾಯವ್ಯ ಗಾಳಿಯ ದಿನ. ಪಟ್ಟಿಯ ಪ್ರಕಾರ ಇಳಿತಕ್ಕೆ ಇನ್ನು ಒಂದೇ ಗಂಟೆ ಇತ್ತು. ಆದರೆ ವಾಯವ್ಯದಿಂದ ಆರರ ಬಲದಲ್ಲಿ (ಗಾಳಿಯ ಬಲ ಅಳೆಯುವ ಬ್ಯೂಫರ್ಟ್ ಲೆಕ್ಕದಲ್ಲಿ) ಗಾಳಿ ಬೀಸಿದರೆ ಉತ್ತರ ಸಮುದ್ರದ ನೀರು ದಡಕ್ಕೆ ಒತ್ತಿ ನಿಲ್ಲುತ್ತದೆ, ಇಳಿತ ಇಳಿತವೇ ಅಲ್ಲ. ಗಟ್ಟಿ ಮರಳಿನ ಪಟ್ಟೆ ನೀರಿನಡಿ ಹೋಯಿತು, ಒಣ ಮರಳಿನಲ್ಲಿ ಐದು ಕಿಲೋಮೀಟರ್ ತಳ್ಳಿದ್ದಾಯಿತು. ಪಟ್ಟಿಯಲ್ಲಿರುವುದು ಚಂದ್ರನ ಲೆಕ್ಕ, ಗಾಳಿಯ ಲೆಕ್ಕ ಅದರಲ್ಲಿಲ್ಲ. ಹೊರಡುವ ಹಿಂದಿನ ರಾತ್ರಿ ರೈಕ್ಸ್‌ವಾಟರ್‌ಸ್ಟಾಟ್ ಇಲಾಖೆ ಪ್ರಕಟಿಸುವ ನಿರೀಕ್ಷಿತ ನೀರಿನ ಮಟ್ಟ ನೋಡಬೇಕು. ಅದು ಪಟ್ಟಿಗಿಂತ 30 ಸೆಂ.ಮೀ. ಮೇಲಿದ್ದರೆ ನಾನು ಹೊರಡುವುದಿಲ್ಲ.

ಎರಡನೆಯ ಸಲ ಗಾಳಿ, ಇಳಿತ ಎರಡೂ ಸರಿಯಿದ್ದವು, ಮರಳು ಸರಿಯಿರಲಿಲ್ಲ. ಈ ದೇಶದಲ್ಲಿ ಕಡಲು ಕೊರೆದ ತೀರಕ್ಕೆ ಹಡಗಿನಿಂದ ಮರಳು ಪಂಪ್ ಮಾಡಿ ತುಂಬುತ್ತಾರೆ. ಹೊಸದಾಗಿ ತುಂಬಿದ ಮರಳು ಒಂದು ಚಳಿಗಾಲದ ಅಲೆಗಳ ಹೊಡೆತ ತಿನ್ನುವವರೆಗೂ ಗಟ್ಟಿಯಾಗುವುದಿಲ್ಲ, ಒದ್ದೆಯಿದ್ದರೂ ಟೈರು ಕಚ್ಚಿ ಹಿಡಿಯುತ್ತದೆ. ಆಗ ಹಾಕಿದ್ದು 2.25 ಇಂಚಿನ ಟೈರು, 1.6 ಬಾರ್ ಒತ್ತಡದ ಗಾಳಿ. ಗಂಟೆಗೆ ಒಂಬತ್ತು ಕಿ.ಮೀ. ಮೀರಲಿಲ್ಲ.

ಮೂರನೆಯದಕ್ಕೆ ದುಡ್ಡು ಹೋಯಿತು. ಪಶ್ಚಿಮ ತೀರದ ಮರಳುದಿಬ್ಬದ ಸಾಲು ಸ್ಲುಫ್ಟರ್ ಎಂಬಲ್ಲಿ ತುಂಡಾಗಿದೆ. ಅಲ್ಲಿ 1858ರಲ್ಲಿ ಕಡಲು ಒಡೆದು ಒಳಬಂದಿತು, ಈಗಲೂ ಪ್ರತಿ ಉಬ್ಬರಕ್ಕೆ ನೀರು ಒಳನುಗ್ಗಿ ಇಳಿತಕ್ಕೆ ಹೊರಬೀಳುತ್ತದೆ. ಆ ಬಾಯಿಯನ್ನು ಇಳಿತದಲ್ಲಿ ಸೈಕಲ್ ತಳ್ಳಿಕೊಂಡು ದಾಟಿದ್ದೇ ತಪ್ಪು. ನೀರು ಮೊಣಕಾಲಿನಷ್ಟೇ ಇತ್ತು, ಆದರೆ ಚಕ್ರದ ನಡುವಿನ ಹಬ್ ಮುಳುಗಿತು. ಉಪ್ಪುನೀರು ಮತ್ತು ನುಣುಪು ಮರಳು ಒಟ್ಟಿಗೆ ಒಳಹೊಕ್ಕರೆ ತೊಳೆದರೂ ಹೋಗುವುದಿಲ್ಲ. ಮೂರು ವಾರದಲ್ಲಿ ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚಿನ ಜಾಗ) ಕಿರುಗುಟ್ಟಿತು, ಹಿಂದಿನ ಹಬ್ಬಿನ ಬೇರಿಂಗ್ ಎರಡೂ ಸತ್ತವು. ಕೂಲಿ ಸೇರಿ 140 ಯೂರೋ ಹತ್ತಿರ. ದಾಟಲೇಬೇಕು ಎಂದರೆ ಸೈಕಲ್ ಹೆಗಲ ಮೇಲಿರಲಿ, ಇಳಿತದ ತಳ ಮುಟ್ಟಿದ ಅರ್ಧ ಗಂಟೆಯೊಳಗೆ ದಾಟಿ. ಬಾಯಿಯ ಆಕಾರ ಪ್ರತಿ ಬಿರುಗಾಳಿಗೂ ಬದಲಾಗುತ್ತದೆ, ಹೋದ ವರ್ಷದ ಜಿಪಿಎಸ್ ಗೆರೆ ನಂಬಿ ಕಾಲಿಡಬೇಡಿ. ನಾನು ಈಗ ದಾಟುವುದೇ ಇಲ್ಲ, ಒಳಗಿನಿಂದ ಸುತ್ತುತ್ತೇನೆ.

ಸರಿಹೋದ ದಾರಿ ಹೀಗಿದೆ. ದ್ವೀಪದ ಎದುರಿನ ಮುಖ್ಯಭೂಮಿಯ ಡೆನ್ ಹೆಲ್ಡರ್‌ನಿಂದ ಹಡಗು ಪ್ರತಿ ಗಂಟೆಯ ಅರ್ಧಕ್ಕೆ ಹೊರಡುತ್ತದೆ, ದಾಟಲು ಇಪ್ಪತ್ತು ನಿಮಿಷ. ಇಳಿತ ಮಧ್ಯಾಹ್ನ ಒಂದರ ಆಸುಪಾಸಿರುವ ದಿನ ಆರಿಸಿ ಎಂಟೂವರೆಯ ಹಡಗು ಹಿಡಿಯುವುದು. ದಿನಕ್ಕೆ ಸುಮಾರು 50 ನಿಮಿಷ ಇಳಿತ ಮುಂದೆ ಸರಿಯುವುದರಿಂದ ಎರಡು ವಾರಕ್ಕೆ ಎರಡು ಮೂರು ದಿನ ಮಾತ್ರ ಹೊಂದುತ್ತದೆ, ಅದು ಶನಿವಾರ ಭಾನುವಾರಕ್ಕೆ ಬೀಳುವುದನ್ನು ಕಾಯಬೇಕು. ಬಂದರಿನಿಂದ ಡೆನ್ ಹೋರ್ನ್, ಅಲ್ಲಿಂದ ಡೆ ಡೆನ್ನೆನ್ ಪೈನ್ ಕಾಡು. ಮರಳು ಹಾರುವುದನ್ನು ತಡೆಯಲು ನೆಟ್ಟ ಕಾಡು ಅದು, ಅದರಲ್ಲಿ ಗುರುತು ಹಾಕಿದ ಮೌಂಟನ್ ಬೈಕ್ ದಾರಿ ಇದೆ. ಬೇರು, ಸಣ್ಣ ಸಣ್ಣ ಗುಪ್ಪೆ, ಪೈನ್ ಎಲೆಯಡಿ ಮರಳು. ಎತ್ತರ ಇಲ್ಲ, ಆದರೆ ಸುಧಾರಿಸಿಕೊಳ್ಳಲು ಜಾಗವೂ ಇಲ್ಲ, ಹತ್ತು ಸೆಕೆಂಡು ಒತ್ತಿ ಮೂರು ಸೆಕೆಂಡು ಬಿಡುವ ಆಟ. ಕಾಡಿನೊಳಗೆ ಗಾಳಿ ತಟ್ಟುವುದಿಲ್ಲವಾದ್ದರಿಂದ ನೀರು ಇಳಿಯುವವರೆಗಿನ ಹೊತ್ತು ಇಲ್ಲೇ ಕಳೆಯುವುದು ಜಾಣತನ. ಅಡ್ಡಾಡಿ 20 ಕಿ.ಮೀ. ಮಾಡುತ್ತೇನೆ. ಗುರುತಿನ ದಾರಿ ಬಿಟ್ಟು ದಿಬ್ಬದ ಮೇಲೆ ಚಕ್ರ ಇಡಬೇಡಿ. ದಿಬ್ಬವನ್ನು ಹಿಡಿದಿಟ್ಟಿರುವುದು ಹೆಲ್ಮ್ ಹುಲ್ಲಿನ ಬೇರು. ಅದು ಒಂದು ಕಡೆ ಕಿತ್ತರೆ ಗಾಳಿ ಆ ಗಾಯವನ್ನು ವರ್ಷಗಟ್ಟಲೆ ದೊಡ್ಡದು ಮಾಡುತ್ತದೆ.

ಇಳಿತಕ್ಕೆ ಒಂದೂವರೆ ಗಂಟೆ ಇರುವಾಗ 12ನೇ ಪಾಲ್ ಬಳಿ ತೀರಕ್ಕೆ ಇಳಿಯುವುದು. ಪಾಲ್ ಎಂದರೆ ತೀರದುದ್ದಕ್ಕೂ ನೆಟ್ಟ ನಂಬರಿನ ಕಂಬ. ದಕ್ಷಿಣದಿಂದ ಉತ್ತರಕ್ಕೆ ಒಂದು ನಂಬರಿಗೆ ಒಂದು ಕಿಲೋಮೀಟರ್, ಸೈಕಲ್ಲಿನ ಮೀಟರು ಕೈಕೊಟ್ಟರೂ ಲೆಕ್ಕ ತಪ್ಪುವುದಿಲ್ಲ. ನೈಋತ್ಯ ಅಥವಾ ಪಶ್ಚಿಮ ಗಾಳಿ ನಾಲ್ಕರ ಬಲದಲ್ಲಿದ್ದರೆ 21ನೇ ಪಾಲ್‌ವರೆಗಿನ ಒಂಬತ್ತು ಕಿ.ಮೀ. ಇಪ್ಪತ್ತೈದು ನಿಮಿಷದ ಕೆಲಸ.

ಮರಳು ಓದುವುದೇ ಇಲ್ಲಿನ ವಿದ್ಯೆ. ಕಪ್ಪಗೆ, ನುಣುಪಾಗಿ, ಹೊಳಪು ಈಗಷ್ಟೇ ಆರುತ್ತಿರುವ ಪಟ್ಟೆ ಅತಿ ಗಟ್ಟಿ. ಕನ್ನಡಿಯ ಹಾಗೆ ನೀರು ನಿಂತ ಕಡೆ ಚಕ್ರ ಹೀರಿಕೊಳ್ಳುತ್ತದೆ. ಸಣ್ಣ ತೂತುಗಳಿರುವ ಬೂದು ಮರಳಿನೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಕಾಲಿಟ್ಟರೇ ಕುಸಿಯುತ್ತದೆ. ಅಲೆಯಲೆಯಾದ ಮರಳು ಗಟ್ಟಿಯೇ, ಆದರೆ ಮೈ ಕುಲುಕಿ ವೇಗ ತಿನ್ನುತ್ತದೆ. ನೀರಿನಾಚೆ ತೆರೆದ ಗಟ್ಟಿ ದಿಣ್ಣೆಯ ಆಸೆಗೆ ಬಿದ್ದು ಹೋಗಬೇಡಿ. ಅದರ ಹಿಂದಿನ ತೋಡು ಉಬ್ಬರದಲ್ಲಿ ಮೊದಲು ತುಂಬುತ್ತದೆ, ದಾರಿ ಕಟ್ಟಾಗುತ್ತದೆ. ಹ್ಯಾಂಡಲ್ ಹಿಡಿತ ಸಡಿಲ, ಭಾರ ಹಿಂದಕ್ಕೆ, ಅನಿಸಿದ್ದಕ್ಕಿಂತ ಒಂದು ಗೇರ್ ಹಗುರ, ತುಳಿತ ನಿಮಿಷಕ್ಕೆ 85-90. ಮೆತ್ತನೆ ಜಾಗ ಸಿಕ್ಕಾಗ ತಿರುಗಿಸಿದಿರೋ ಬಿದ್ದಿರಿ. 17 ಮತ್ತು 20ನೇ ಪಾಲ್‌ಗಳ ನಡುವೆ ಒಂದು ಮೆತ್ತನೆ ತುಂಡು ಪ್ರತಿ ಸಲ ಬರುತ್ತದೆ. ಅದನ್ನು ಇಳಿಯದೆ ದಾಟುವ ಉಪಾಯ ನನ್ನ ಜೊತೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

21ರಲ್ಲಿ ತೀರ ಬಿಟ್ಟು ಒಳದಾರಿ. ಜಾಂಡ್‌ಡೈಕ್ ಎಂಬ ಮರಳಿನ ಒಡ್ಡಿನ ಪಕ್ಕ ಸಾಗುತ್ತೇವೆ. ಟೆಸೆಲ್ ಮತ್ತು ಐಯರ್‌ಲಾಂಡ್ ಎಂಬ ಎರಡು ಪ್ರತ್ಯೇಕ ದ್ವೀಪಗಳನ್ನು 1630ರ ಸುಮಾರಿಗೆ ಜೋಡಿಸಿದ್ದು ಇದೇ ಒಡ್ಡು. ಸ್ಲುಫ್ಟರ್‌ನ ಉತ್ತರ ಭಾಗ ಮಾರ್ಚ್ 1ರಿಂದ ಸೆಪ್ಟೆಂಬರ್ 1ರವರೆಗೆ ಹಕ್ಕಿ ಗೂಡು ಕಟ್ಟುವ ಕಾಲಕ್ಕೆ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ತೀರದ ತುಂಬ ಜನ, ಹಾಗಾಗಿ ಈ ಸುತ್ತು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಮಾಡುವಂಥದ್ದು. 28ರಲ್ಲಿ ಮತ್ತೆ ತೀರ, 33ರ ಬಳಿ ಕೆಂಪು ದೀಪಸ್ತಂಭ. ಅಲ್ಲಿ ಊಟ.

ವಾಪಸು ದಾರಿಯೇ ಎಲ್ಲರೂ ಹೆದರಿಸಿದ ಭಾಗ: ದೀಪಸ್ತಂಭದಿಂದ ಹಡಗು ಹತ್ತುವ ಬಂದರಿನವರೆಗೆ ಎದುರುಗಾಳಿ. ಇದಕ್ಕೆ ಪೂರ್ವದ ವಾಡೆನ್ ಸಮುದ್ರದ ಒಡ್ಡೇ ಮದ್ದು. ಪಶ್ಚಿಮದ ಗಾಳಿಯಿದ್ದಾಗ ಒಡ್ಡಿನ ಹೊರಮೈಯಲ್ಲಿ, ಸಮುದ್ರದ ಕಡೆಯ ಡಾಂಬರು ಪಟ್ಟೆಯಲ್ಲಿ ಹೋದರೆ ಏಳೆಂಟು ಮೀಟರ್ ಎತ್ತರದ ಗೋಡೆ ಮರೆ ಸಿಗುತ್ತದೆ. ಒಳಗಿನ ಐಯರ್‌ಲಾಂಡ್ ಬಯಲಿನ ನೇರ ರಸ್ತೆಯಲ್ಲಿ ಗಂಟೆಗೆ 16 ಬಂದ ಶ್ರಮಕ್ಕೆ ಇಲ್ಲಿ 23 ಬಂತು. ಪಕ್ಕಾ ನೈಋತ್ಯ ಗಾಳಿಯಾದರೆ ಅದು ಒಡ್ಡಿನುದ್ದಕ್ಕೂ ಬೀಸುವುದರಿಂದ ಮರೆ ಕಡಿಮೆ, ಆದ್ದರಿಂದ ಪಶ್ಚಿಮದಿಂದ ಬೀಸುವ ದಿನವೇ ಉತ್ತಮ. ಹುಲ್ಲಿನ ಇಳಿಜಾರಿನಲ್ಲಿ ಓಡಿಸಬಾರದು, ಒಡ್ಡನ್ನು ಹಿಡಿದಿರುವುದು ಆ ಹುಲ್ಲೇ. ಕುರಿ ಮೇಯುವ ಒಡ್ಡಾದ್ದರಿಂದ ಗೇಟು ತೆರೆದರೆ ಮುಚ್ಚಿ ಹೋಗಬೇಕು. ಕುರಿ ದಾಟದಂತೆ ನೆಲಕ್ಕೆ ಹಾಕಿದ ಕಬ್ಬಿಣದ ಸರಳುಗಳ ಮೇಲೆ ನೇರವಾಗಿ ಹೋಗಿ, ಒದ್ದೆಯಿದ್ದಾಗ ಓರೆ ಹೋದರೆ ಚಕ್ರ ಜಾರುತ್ತದೆ. ನೀರಿನ ಅಂಚಿನ ಹಸಿರು ಪಾಚಿ ಹಿಡಿದ ಡಾಂಬರು ಇನ್ನೂ ಅಪಾಯ.

ಔಡೆಸ್ಖಿಲ್ಡ್ ಬಂದರು ದಾಟಿ ಒಳಕ್ಕೆ ತಿರುಗಿದರೆ ಹೋಖೆ ಬೆರ್ಖ್. ಅಲ್ಲಿನ ಹುಲ್ಲುಹೆಂಟೆಯ ಗೋಡೆಗಳ ನಡುವಿನ ಕಿರುದಾರಿ ನನಗೆ ಇಡೀ ದ್ವೀಪದಲ್ಲೇ ಪ್ರಿಯ. ಕೊನೆಯ ತುಂಡು ಪ್ರಿನ್ಸ್ ಹೆಂಡ್ರಿಕ್ ಮರಳು ಒಡ್ಡು, 2019ರಲ್ಲಿ ಹಳೆಯ ಒಡ್ಡಿನ ಮುಂದೆ ಮರಳು ಸುರಿದು ಮಾಡಿದ್ದು. ಅದಕ್ಕೂ ಹಿಂದಿನ ನಕ್ಷೆಯಲ್ಲಿ ಅಲ್ಲಿ ಸಮುದ್ರವೇ ಕಾಣುತ್ತದೆ, ಗಾಬರಿ ಬೇಡ.

ಸೈಕಲ್ ಬಗ್ಗೆ. ಸೆಕೆಂಡ್‌ಹ್ಯಾಂಡ್ 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು), 450 ಯೂರೋ ಚಿಲ್ಲರೆ. ಸಸ್ಪೆನ್ಷನ್ ಫೋರ್ಕ್ ತೆಗೆದು ಗಟ್ಟಿ ಫೋರ್ಕ್ ಹಾಕಿದೆ, 120 ಬಿತ್ತು. ಮರಳು ಫೋರ್ಕಿನ ಸೀಲ್ ತಿನ್ನುವುದು ತಪ್ಪಿತು, ತೂಕವೂ ಒಂದು ಕಿಲೋ ಇಳಿಯಿತು. ಟೈರು ಶ್ವಾಲ್ಬೆಯ ಜಿ-ಒನ್ ಸ್ಪೀಡ್ 2.35, ಟ್ಯೂಬ್‌ಲೆಸ್, ಒಂದಕ್ಕೆ 120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ). ಕಮ್ಮಿ ಹಾಕಬೇಡಿ: ತೀರದಲ್ಲಿ ಕತ್ತಿಯಂಥ ಉದ್ದ ಚಿಪ್ಪುಗಳು, ದಿಬ್ಬದ ದಾರಿಯಲ್ಲಿ ಡೌನ್‌ಡೋರ್ನ್ ಪೊದೆಯ ಮುಳ್ಳು. 74 ಕಿಲೋ ತೂಕಕ್ಕೆ ಗಾಳಿ ಹೀಗೆ: ಕಾಡಿನಲ್ಲಿ 1.3 ಬಾರ್, ತೀರದಲ್ಲಿ ಮುಂದೆ 0.9 ಹಿಂದೆ 1.0, ಒಡ್ಡಿನ ಮೇಲೆ 2. ತೀರದಲ್ಲಿ 0.8ಕ್ಕಿಂತ ಇಳಿಸಿದಾಗ ಟೈರಿನ ಅಂಚು ಬಿಟ್ಟುಕೊಂಡಿತು. ದೀಪಸ್ತಂಭದ ಬಳಿ ಮಿನಿ ಪಂಪಿನಲ್ಲಿ ಒಂದು ಟೈರಿಗೆ 150ಕ್ಕೂ ಹೆಚ್ಚು ಸಲ ಒತ್ತಬೇಕು. ಗ್ಯಾಸ್ ಕಾರ್ಟ್ರಿಡ್ಜ್ ಬಳಸಿ ನೋಡಿದೆ, ಸೀಲೆಂಟ್ ಹೆಪ್ಪುಗಟ್ಟಿತು.

ಚೈನಿಗೆ ಎಣ್ಣೆ ಹಾಕಿದರೆ ಮರಳು ಅಂಟಿ ಅರೆಯುವ ಕಲ್ಲಾಗುತ್ತದೆ. 35 ಯೂರೋದ ಚೈನ್ ನಾಲ್ಕೇ ಸವಾರಿಗೆ ಸವೆಯಿತು. ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿದ ಚೈನಿಗೆ ಮರಳು ಹಿಡಿಯುವುದಿಲ್ಲ. ಆದರೆ ಉಪ್ಪಿಗೆ ಅದು ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ, ಅದೇ ಸಂಜೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಮೇಣ ಹಾಕಬೇಕು. ನನ್ನ ಮೇಣದಲ್ಲಿ ಇನ್ನೊಂದು ವಸ್ತುವಿದೆ, ಅದರ ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ. ಬ್ರೇಕಿಗೆ ರೆಸಿನ್ ಪ್ಯಾಡ್ ಹಾಕಿ ಎರಡು ಸವಾರಿಗೆ ಮುಗಿಸಿದೆ, ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಇನ್ನೂ ಓಡುತ್ತಿದೆ.

ಒಂದು ದಿನ ನಾಲ್ಕಿಂಚಿನ ಫ್ಯಾಟ್‌ಬೈಕ್ ಬಾಡಿಗೆಗೆ ತೆಗೆದು ದಕ್ಷಿಣದ ಡೆ ಹೋರ್ಸ್ ಮರಳುಬಯಲಿಗೆ ಹೋದೆ. ಒಣ ಮರಳಿನಲ್ಲೂ ಹೋಗುತ್ತದೆ, ಖುಷಿಯೇ ಬೇರೆ. ಆದರೆ ಒಡ್ಡಿನ ಡಾಂಬರಿನಲ್ಲಿ ಗಂಟೆಗೆ 17 ಬರಲು ಪ್ರಾಣ ಹೋಗುತ್ತದೆ, ಪೂರ್ತಿ ಸುತ್ತಿಗೆ ಆಗದು.

ಇಡೀ ಸುತ್ತಿನಲ್ಲಿ ಒಟ್ಟು ಎಷ್ಟು ಏರು ಹತ್ತುತ್ತೇವೆ ಎಂಬ ಬಗ್ಗೆ ಒಂದು ಮಾತು. ನಿಮ್ಮ ಮೀಟರು 500 ಮೀಟರ್ ಏರು ತೋರಿಸಿದರೆ ನಂಬಬೇಡಿ. ವಾಯುಒತ್ತಡದಿಂದ ಎತ್ತರ ಅಳೆಯುವ ಮೀಟರು ಗಾಳಿ ರಭಸಕ್ಕೆ ಸುಳ್ಳು ಹೇಳುತ್ತದೆ, ಅದರ ತೂತಿಗೆ ಮರಳು ಹೊಕ್ಕರೆ ಇನ್ನೂ ಸುಳ್ಳು. ಒಡ್ಡು ದಾಟುವ ಇಳಿಜಾರೊಂದನ್ನು ಇಪ್ಪತ್ತು ಸಲ ಹತ್ತಿಳಿದು ನೋಡಿದೆ: ನಿಜವಾದ ಏರು 140 ಮೀಟರ್, ಮೀಟರು ತೋರಿಸಿದ್ದು 210. ಇಡೀ ಸುತ್ತಿಗೆ ಪ್ರಾಮಾಣಿಕವಾಗಿ 250 ಮೀಟರ್ ಇರಬಹುದು, ಆದರೆ ಕಾಲಿಗೆ ಸಿಗುವ ಕೆಲಸ ಅದರ ಮೂರರಷ್ಟು.

ನಾನು ಹೋದಾಗ ದಿನದ ಖರ್ಚು ಹೀಗಿತ್ತು: ಹಡಗಿಗೆ ಆಳು, ಸೈಕಲ್ ಸೇರಿ ಹೋಗಿಬರಲು ಐದಾರು ಯೂರೋ, ರೈಲಿನಲ್ಲಿ ಸೈಕಲ್ಲಿಗೆ ಏಳೆಂಟು, ನಮ್ಮ ಟಿಕೆಟ್ ಬೇರೆ. ವಾರದ ದಿನ ಬೆಳಗಿನ ಮತ್ತು ಸಂಜೆಯ ಗದ್ದಲದ ಹೊತ್ತಿನಲ್ಲಿ ಸೈಕಲ್ ಹತ್ತಿಸಲು ಬಿಡುವುದಿಲ್ಲ.

ಈಗ ಕಾಯುತ್ತಿರುವುದು ಫೆಬ್ರವರಿಯ ಪೂರ್ವಗಾಳಿಗೆ. ಆಗ ನೀರು ಪಟ್ಟಿಗಿಂತಲೂ ಕೆಳಗಿಳಿಯುತ್ತದೆ, ತೀರ ಅಗಲವಾಗುತ್ತದೆ. ಒಡ್ಡಿನ ಹೊರಮೈ ಮಾತ್ರ ಗಾಳಿಗೆ ಮೈಯೊಡ್ಡಿರುತ್ತದೆ, ಒಳಮೈಯ ದಾರಿ ಹಿಡಿಯಬೇಕು. ಆ ದಿನಕ್ಕೆ ಸುತ್ತನ್ನು ತಿರುಗಿಸಿ ಹಾಕಿಟ್ಟಿದ್ದೇನೆ: ಬೆಳಿಗ್ಗೆ ಒಡ್ಡಿನ ಮರೆಯಲ್ಲಿ ಉತ್ತರಕ್ಕೆ, ಮಧ್ಯಾಹ್ನ 33ರಿಂದ 12ಕ್ಕೆ ದಿಬ್ಬಗಳ ಮರೆಯಲ್ಲಿ, ಸ್ಲುಫ್ಟರ್ ಬಳಿ ಬಿಟ್ಟು, ತೀರದ ಮೇಲೆ ದಕ್ಷಿಣಕ್ಕೆ, ಕಾಡು ಕೊನೆಗೆ.