ತಲೆ ಒದರುವ ಕುದುರೆಗೆ ಮೂಗಿನ ಪರದೆ

ನಮ್ಮ ಸವಾರಿ ಶಾಲೆಯ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ರೇಸಿನಿಂದ ನಿವೃತ್ತವಾದ ಥರೋಬ್ರೆಡ್ ತಳಿಯದು, ವಯಸ್ಸು ಹತ್ತರ ಆಸುಪಾಸು. ಶಿವರಾತ್ರಿ ಕಳೆದು ಬಿಸಿಲೇರಿದರೆ ಸಾಕು, ಟ್ರಾಟ್ (ನಡಿಗೆಗಿಂತ ಚುರುಕಾದ ಕುಕ್ಕುಲೋಟ) ಶುರುವಾದೊಡನೆ ತಲೆಯನ್ನು ಮೇಲೆ ಕೆಳಗೆ ಒದರುತ್ತಿತ್ತು, ಮೂಗಿನೊಳಗೆ ಜೇನುನೊಣ ಹೊಕ್ಕಂತೆ ಮುಂಗಾಲಿಗೆ ಮೂತಿ ಉಜ್ಜುತ್ತಿತ್ತು. ಲಾಯದೊಳಗೆ ತಣ್ಣಗಿರುತ್ತಿತ್ತು. "ರೇಸಿನ ಚಾಳಿ, ನಾಲ್ಕು ಬಿಗಿಯಿರಿ" ಎಂದರು ಹಲವರು. ದಲ್ಲಾಳಿಯಂತೂ ಹದಿನೈದು ಸಾವಿರಕ್ಕೆ ಕೇಳಿಬಿಟ್ಟ.

ಹಲ್ಲಿಗೆ ಅರ ಹಾಕಿಸಿದೆ. ಕಿವಿ, ಕಣ್ಣು, ಎಕ್ಸ್-ರೇ, ಎಂಡೋಸ್ಕೋಪಿ ಎಲ್ಲ ಮುಗಿಯುವಾಗ ಇಪ್ಪತ್ತೈದು ಸಾವಿರದಷ್ಟು ಕರಗಿತ್ತು. ಎಲ್ಲಿಯೂ ದೋಷ ಸಿಗಲಿಲ್ಲ. ಕೊನೆಗೆ ವೈದ್ಯರು ಮುಖದ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಒದರುವುದು ನಿಂತಿತು, ಮದ್ದಿಳಿದ ಮೇಲೆ ಮರಳಿತು. ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ನರದ ನೋವು ಅದು, ಚಾಳಿಯಲ್ಲ ಎಂದು ಅಲ್ಲಿಗೆ ಇತ್ಯರ್ಥವಾಯಿತು.

ಆಮೇಲೆ ಸಮಗ್ರ ಚಿಕಿತ್ಸೆಯ ಹೆಸರಿನಲ್ಲಿ ಬಂದದ್ದೆಲ್ಲ ನೋಡಿದೆ. ಹೋಮಿಯೋಪತಿ ಗುಳಿಗೆಗಳಿಂದ ಏನೂ ಆಗಲಿಲ್ಲ. ಅಕ್ಯುಪಂಕ್ಚರ್ ಮಾಡಿಸಿದಾಗ ಎರಡು ಮೂರು ದಿನ ಹಗುರ, ಮತ್ತೆ ಅದೇ ಕಥೆ; ಸಲಕ್ಕೆ ಎರಡೂವರೆ ಸಾವಿರ ಕೊಟ್ಟು ಎಷ್ಟು ದಿನ ನಡೆಸುವುದು? ಬೆನ್ನು ತೀಡಿಸಿದ್ದು ಕುದುರೆಗೆ ಇಷ್ಟವಾಯಿತು, ತಲೆಗೆ ಸಂಬಂಧವಾಗಲಿಲ್ಲ.

ಕೆಲಸ ಮಾಡಿದ್ದು ಹೊಳ್ಳೆಗಳ ಮೇಲೆ ಇಳಿಬೀಳುವ ಅರ್ಧ ಪರದೆ. ವಿದೇಶಿ ಪರದೆಗೆ ತರಿಸುವ ಖರ್ಚೂ ಸೇರಿ ನಾಲ್ಕು ಸಾವಿರ ಹೇಳಿದರು. ನಾನು ಸೊಳ್ಳೆಪರದೆಯ ಬಟ್ಟೆ ಕೊಟ್ಟು ದರ್ಜಿಯಿಂದ ನೂರು ರೂಪಾಯಿಯೊಳಗೆ ಹೊಲಿಸಿದೆ. ಬಟ್ಟೆ ತೀರಾ ಸಡಿಲವಿದ್ದರೆ ಪ್ರಯೋಜನವಿಲ್ಲ, ಮೂಗಿಗೆ ತಾಗುತ್ತಲೇ ಇರಬೇಕು. ಚರ್ಮ ಸವೆಯದಂತೆ ಅಂಚಿಗೆ ಏನು ಕೊಡಿಸಿದೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಜೊತೆಗೆ ಕಡಿವಾಣ ತೆಗೆದು ಹ್ಯಾಕಮೋರ್ (ಬಾಯೊಳಗೆ ಕಬ್ಬಿಣವಿಲ್ಲದ ಲಗಾಮು) ಹಾಕಿದೆ, ಸವಾರಿಯನ್ನು ಬೆಳಗಿನ ಏಳರೊಳಗೆ ಮುಗಿಸಿದೆ, ವೈದ್ಯರು ರಕ್ತ ನೋಡಿ ಹೇಳಿದ ಅಳತೆಯಲ್ಲಿ ಮೆಗ್ನೀಸಿಯಂ ಅನ್ನು ಬೂಸಾದಲ್ಲಿ ಕಲಸಿದೆ. ಆ ಅಳತೆ ನಿಮ್ಮ ಕುದುರೆಗೆ ನಿಮ್ಮ ವೈದ್ಯರೇ ಹೇಳಬೇಕು.

ನಡುವೆ ಹೂವಿನ ತೋಟದವರ ನೆರಳುಬಲೆ ಕತ್ತರಿಸಿ ಕಣ್ಣಿಗೂ ಮುಖವಾಡ ಮಾಡಿದ್ದೆ. ನಡುಮಧ್ಯಾಹ್ನ ಸ್ವಲ್ಪ ಸುಧಾರಿಸಿತು, ಗಾಳಿ ಬೀಸಿದ ದಿನ ಏನೇನೂ ಇಲ್ಲ. ಬೆಳಕಿಗಿಂತ ಗಾಳಿಯೇ ಇದರ ಶತ್ರು ಎಂದು ನನ್ನ ಎಣಿಕೆ. ಬೆಳಕಿಗೇ ಬೆದರುವ ಕುದುರೆಗಳೂ ಇವೆ, ಅವಕ್ಕೆ ಮುಖವಾಡವೇ ಮೊದಲು.

ಮೊದಲು ಮೈದಾನದ ಒಂದು ಸುತ್ತಿಗೆ ಹತ್ತು ಹನ್ನೆರಡು ಸಲ ಒದರುತ್ತಿದ್ದದ್ದು ಈಗ ಒಂದೋ ಎರಡೋ. ಮಕ್ಕಳ ತರಗತಿಗೂ ಈ ಕುದುರೆಯನ್ನು ಬಳಸುತ್ತಿದ್ದೇನೆ. ಬರುವ ಬೇಸಿಗೆಯಲ್ಲಿ ವೈದ್ಯರನ್ನು ಕೇಳಿ ಮೆಗ್ನೀಸಿಯಂ ನಿಲ್ಲಿಸಿ ನೋಡಬೇಕು. ಪರದೆಯ ಪಾಲೆಷ್ಟು, ಪುಡಿಯ ಪಾಲೆಷ್ಟು ಎಂಬುದು ಆಗಲೇ ತಿಳಿಯುವುದು.